ಹಾವೇರಿಯಲ್ಲಿ ಎಲ್ಲರೂ ಗೌಂಡಿಗಳೇ

ಗೌಂಡಿಗಳು, ಅಂದರೆ ಕಟ್ಟಡ ಕಟ್ಟುವವರಿಗೆ ಅಂತ ಸರ್ಕಾರದ ಕಲ್ಯಾಣ ಮಂಡಳಿ ಕೊಡೋ ಲೇಬರ್ ಕಾರ್ಡನ್ನು ಕರಣಿ ಮುಟ್ಟದವರೂ ಮಾಡಿಸಿಕೊಳ್ಳುವ ಬೋಗಸ್ ಕಾರ್ಡಿನ ಸುದ್ದಿ ಮತ್ತೆ ಪೇಪರಿಗೆ ಬಂದಿದೆ. ಹೊಸದೇನಲ್ಲ ಬಿಡಿ, ನಿಮಗೆಲ್ಲ ಗೊತ್ತಿರೋದೇ. ಈ ವಿಷಯದಲ್ಲಿ ಹಾವೇರಿ ಜಿಲ್ಲೆಯ ಹೆಸರು ಯಾವತ್ತೂ ಮುಂದೆಯೇ ಇದೆ, ಇಲ್ಲಿ ಬೋಗಸ್ ಕಾರ್ಡನ್ನು ಲಕ್ಷದ ಲೆಕ್ಕದಲ್ಲಿ ಎಣಿಸಬೇಕು. 2011ರ ಜನಗಣತಿ ಪ್ರಕಾರ ಇಡೀ ಜಿಲ್ಲೆಯ ಜನಸಂಖ್ಯೆಯೇ ಸುಮಾರು 16 ಲಕ್ಷ. ಅದರಲ್ಲಿ ಮಕ್ಕಳು, ಮುದುಕರು, ಮಾಸ್ತರುಗಳು, ಮೂರು ಹೊತ್ತು ಚಹಾದಂಗಡಿ ಕಟ್ಟೆ ಮೇಲೆ ಕೂತು ರಾಜಕೀಯ ಮಾತಾಡುವವರು, ಇವರನ್ನೆಲ್ಲ ಕಳೆದರೆ ಉಳಿದವರೆಲ್ಲ ಉಸುಕು ಜರಡಿ ಹಿಡಿಯುತ್ತಿದ್ದಾರೆ ಅಂತಾಯ್ತು.

ಕಾರ್ಡ್ ಬೇಕಂದರೆ ಹಿಂದಿನ 12 ತಿಂಗಳಲ್ಲಿ 90 ದಿನವಾದರೂ ಕಟ್ಟಡದ ಕೆಲಸ ಮಾಡಿರಬೇಕು ಅನ್ನುತ್ತದೆ ಕಾಯ್ದೆ. ಇಷ್ಟು ಜನ ನಿಜವಾಗಿ ತೊಂಬತ್ತು ದಿನ ದುಡಿದಿದ್ದರೆ ಇಷ್ಟೊತ್ತಿಗೆ ಮೋಟೆಬೆನ್ನೂರಿನಲ್ಲಿ ಐವತ್ತು ಅಂತಸ್ತಿನ ಕಟ್ಟಡ ಇರಬೇಕಿತ್ತು. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನ ಬಾಗಿಲಿಗೇ ಮೆಟ್ರೋ ಬಂದು ನಿಲ್ಲಬೇಕಿತ್ತು. ಎಲ್ಲಿ ಕಟ್ಟಿದರೋ, ಏನು ಕಟ್ಟಿದರೋ, ಕಣ್ಣಿಗಂತೂ ಬೀಳುತ್ತಿಲ್ಲ.

ಆದರೂ ಈ ಕಾರ್ಡಿನವರನ್ನು ಮೆಚ್ಚಲೇಬೇಕು. 2025ರ ಫೆಬ್ರುವರಿಯಲ್ಲಿ ಸರ್ಕಾರದವರು ಬೆಂಗಳೂರಿನಲ್ಲಿ ಇನ್ವೆಸ್ಟ್ ಕರ್ನಾಟಕ ಸಮಾವೇಶ ಮಾಡಿ 10.27 ಲಕ್ಷ ಕೋಟಿ ಬಂಡವಾಳ ಬರುತ್ತದೆ ಅಂದರು. ಬರಲಿ ಪಾಪ, ಯಾರು ಬೇಡ ಅಂದರು. ಆದರೆ ಬಂಡವಾಳ ಹೂಡೋದು ಹೇಗೆ ಅಂತ ನಮ್ಮವರನ್ನು ಕೇಳಬೇಕು. ಏಜೆಂಟನ ಕೈಗೆ ಎರಡು ಸಾವಿರ ಇಡು, ಕಾರ್ಡ್ ತಗೋ. ಮನೆಯಲ್ಲಿ ಮದುವೆ ಬಂದಾಗ ಕಲ್ಯಾಣ ಮಂಡಳಿಯಿಂದ 60 ಸಾವಿರ. ಮಕ್ಕಳ ಸ್ಕಾಲರ್‌ಶಿಪ್ ಬೇರೆ, ಅರವತ್ತು ದಾಟಿದ ಮೇಲೆ ಪೆನ್ಷನ್ ಬೇರೆ. ಯಾವ ಶೇರು ಮಾರ್ಕೆಟ್ಟು ಇಷ್ಟು ಕೊಡುತ್ತದೆ ಹೇಳಿ? ನಮ್ಮ ಓಣಿಯ ಟೈರ್ ಅಂಗಡಿ ಮಾಲೀಕರು ಕಾರಿನಲ್ಲೇ ಹೋಗಿ ಕಾರ್ಡ್ ಮಾಡಿಸಿಕೊಂಡು ಬಂದರು. ಫೋಟೋಕ್ಕೆ ಅಂತ ತಲೆಗೊಂದು ಟವೆಲ್ ಸುತ್ತಿಕೊಂಡಿದ್ದರು, ಕೈಯಲ್ಲಿ ಎರಡು ಉಂಗುರ ಹಂಗೇ ಇದ್ದವು.

ಇದನ್ನು ತಡೆಯೋಕೆ ನನ್ನದೊಂದು ಸಲಹೆ ಇದೆ. ಪರೀಕ್ಷೆ ಇಡಬೇಕು. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡೋ, ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಕೈಗೆ ಕೊಟ್ಟು ಸಾಹೇಬರು ಕೇಳಬೇಕು:

"ಇದೇನ್ರೀ?"

"ಬುಗರಿ ಇರಬೇಕ್ರೀ ಸಾಹೇಬ್ರ. ಸಣ್ಣಾವ ಇದ್ದಾಗ ಭಾಳ ಆಡೇನ್ರಿ."

"ಗಿಲಾವಿಗೆ ಒಂದು ಬುಟ್ಟಿ ಸಿಮೆಂಟಿಗೆ ಎಷ್ಟು ಬುಟ್ಟಿ ಉಸುಕು?"

"ಅದನ್ನೆಲ್ಲ ನಮ್ಮ ಏಜೆಂಟ್ ನೋಡ್ಕೋತಾನ್ರಿ."

ಪಾಸ್ ಮಾಡಿ ಕಳಿಸಬೇಕು ಇಂಥವರನ್ನು. ಇಷ್ಟು ಧೈರ್ಯ ಇದ್ದವರು ನಾಳೆ ಕಾಂಟ್ರ್ಯಾಕ್ಟರ್ ಆಗ್ತಾರೆ.

ಹುಬ್ಬಳ್ಳಿಯಿಂದ ಗದಗಿನ ಕಡೆ ಹೋಗುವಾಗ ಹೊಲಗಳನ್ನು ನೋಡಿದ್ದೀರಲ್ವಾ? ಒಂದು ಕಾಲಕ್ಕೆ ಕಡಲೆ, ಹತ್ತಿ ಬೆಳೆದಿದ್ದ ಯರಿ ಹೊಲ, ಕಪ್ಪು ಮಣ್ಣಿಂದು. ಈಗ ಬಣ್ಣ ಬಳಿದ ಕಲ್ಲು ನೆಟ್ಟು ಎನ್‌ಎ ಪ್ಲಾಟ್ (ಅಂದರೆ ಬೇಸಾಯ ಬಿಟ್ಟು ಮನೆ ಕಟ್ಟೋ ಜಾಗ) ಅಂತ ಬೋರ್ಡ್ ಹಾಕಿದ್ದಾರೆ. ಮೊದಲು ಎದ್ದು ನಿಲ್ಲೋದು ಕಮಾನು. ರಸ್ತೆ ಇಲ್ಲ, ನೀರಿಲ್ಲ, ಗಟಾರ ಇಲ್ಲ, ಕಮಾನಿಗೆ ಮಾತ್ರ ಬಂಗಾರದ ಬಣ್ಣ, ಎರಡೂ ಕಡೆ ಸೊಂಡಿಲೆತ್ತಿದ ಆನೆ. ಯರಿ ಮಣ್ಣು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕೆಳಗೆ ಗಟ್ಟಿ ಗರಸು ಸಿಗುವ ತನಕ ತೋಡಿ ಬುನಾದಿ ಹಾಕದೇ ಹೋದರೆ ಎರಡನೇ ವರ್ಷಕ್ಕೇ ಗೋಡೆಯಲ್ಲಿ ಬಿರುಕು. ಇದನ್ನು ಯಾವ ಮುದುಕ ಗೌಂಡಿಯನ್ನು ಕೇಳಿದರೂ ಹೇಳ್ತಾನೆ. ಆದರೆ ಪ್ಲಾಟ್ ಮಾರುವವರು ಗೌಂಡಿಯನ್ನು ಯಾಕೆ ಕೇಳ್ತಾರೆ? ಬುಕ್ ಮಾಡಿದವರಿಗೆ ಬೆಳ್ಳಿ ನಾಣ್ಯ ಫ್ರೀ ಅಂದರೆ ಆಯ್ತಲ್ಲ. ಇದಕ್ಕೂ ಬೆಳವಣಿಗೆ ಅಂತಲೇ ಹೆಸರು. 2024-25ರಲ್ಲಿ ದೇಶದ ನಿರ್ಮಾಣ ವಲಯ ಶೇ 9.4ರಷ್ಟು ಬೆಳೆದಿದೆ ಅಂತ ಕೇಂದ್ರ ಸರ್ಕಾರದ ಅಂದಾಜೇ ಹೇಳಿತ್ತು. ಆ ಕಮಾನಿನ ಆನೆಗಳೂ ಅದರಲ್ಲಿ ಸೇರಿರಬೇಕು.

ಸರಿ, ಕಾರ್ಡಿಗೆ ಬರೋಣ. ಮಂಡಳಿಯ ದುಡ್ಡು ಆಕಾಶದಿಂದ ಉದುರಿದ್ದಲ್ಲ. ಕಟ್ಟಡದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ಹಾಕಿ ಕೂಡಿಸಿದ್ದು, ಕಟ್ಟುವವರ ಕಷ್ಟಕ್ಕೆ ಇರಲಿ ಅಂತ. ಅದರ ಗತಿ ಏನಾಗಿದೆ ನೋಡಿ. ಕಾರ್ಮಿಕರ ಈ ದುಡ್ಡಿನಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮಷಿನ್ ಖರೀದಿ ಆಗಿದ್ದು ಕೇಳಿ 2017ರಲ್ಲಿ ಸುಪ್ರೀಂ ಕೋರ್ಟೇ ದಂಗಾಗಿತ್ತು. ವಾಷಿಂಗ್ ಮಷಿನ್! ತಗಡಿನ ಶೆಡ್ಡಿನಲ್ಲಿ ಇರೋ ಮನುಷ್ಯ ಅದನ್ನು ಎಲ್ಲಿ ಇಟ್ಕೋಬೇಕಿತ್ತು? ಕರೆಂಟ್ ಯಾರು ಕೊಡ್ತಿದ್ದರು?

ನಗು ಬರೋದಿಲ್ಲ ಒಮ್ಮೊಮ್ಮೆ. 2019ರ ಮಾರ್ಚ್ 19ಕ್ಕೆ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡವೇ ಕುಸಿದು 19 ಜನ ಹೋದರು. ದಿನಗಟ್ಟಲೆ ಅವಶೇಷ ತೆಗೆಯುತ್ತಿದ್ದರು, ಊರಿಗೆ ಊರೇ ಅಲ್ಲಿ ನಿಂತಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಕಟ್ಟುತ್ತಿದ್ದ ಫ್ಲೈಓವರ್‌ನಿಂದ ಕಬ್ಬಿಣದ ರಾಡ್ ಬಿದ್ದು, ಕೆಳಗೆ ಹೋಗುತ್ತಿದ್ದ ಒಬ್ಬ ಎಎಸ್‌ಐ ತೀರಿಕೊಂಡರು. ದಾರಿಯಲ್ಲಿ ಹೋಗೋ ಪೊಲೀಸರ ತಲೆಗೇ ರಕ್ಷಣೆ ಇಲ್ಲ ಅಂದಮೇಲೆ ಆ ರಾಡಿನ ಪಕ್ಕದಲ್ಲೇ ದಿನವಿಡೀ ನಿಂತು ಕೆಲಸ ಮಾಡುವವನ ಗತಿ ಏನು? ಅವನ ಕಾಲಲ್ಲಿ ಹವಾಯಿ ಚಪ್ಪಲಿ. ತಲೆಗೆ ಹೆಲ್ಮೆಟ್ ಬರೋದು ಮಂತ್ರಿಗಳು ಬರುವ ದಿನ ಮಾತ್ರ, ಅವರು ಹೋದ ಮೇಲೆ ಎಣಿಸಿ ವಾಪಸ್ ತಗೋತಾರೆ.

ಅಂಥವನ ಹತ್ತಿರ ಕಾರ್ಡ್ ಇರಬೇಕಲ್ವಾ? ನಮ್ಮ ಮನೆಗೆ ಫರಸಿ ಹಾಕಿದ ಗೌಂಡಿ ಇದ್ದಾರೆ. ಮೂವತ್ತು ವರ್ಷ ಕರಣಿ ಹಿಡಿದ ಕೈ, ಬೆರಳ ತುದಿ ಸಿಮೆಂಟಿಗೆ ಸವೆದು ಆಧಾರ್ ಮಷಿನ್ ಹೆಬ್ಬೆಟ್ಟು ತಗೊಳ್ಳೋದೇ ಇಲ್ಲ. ಕಾರ್ಡಿಗೆ ತೊಂಬತ್ತು ದಿನದ ಸರ್ಟಿಫಿಕೇಟ್ ಬೇಕು ಅಂದರು. ಕಾಂಟ್ರ್ಯಾಕ್ಟರನ ಹತ್ತಿರ ಹೋದರೆ ಅವನು ಸಹಿ ಮಾಡಲ್ಲ, ಮಾಡಿದರೆ ಇಷ್ಟು ಜನ ನನ್ನ ಕಡೆ ದುಡೀತಾರೆ ಅಂತ ಒಪ್ಪಿಕೊಂಡ ಹಾಗಾಗುತ್ತೆ, ನಾಳೆ ಬಿದ್ದು ಕಾಲು ಮುರಿದರೆ ಇವನ ಕೊರಳಿಗೆ. ಶನಿವಾರದ ಬಟವಾಡೆ ಕೊಟ್ಟಿದ್ದಕ್ಕೂ ಚೀಟಿ ಇಲ್ಲ. ಕೊನೆಗೆ ಅವರೂ ಅದೇ ಏಜೆಂಟನ ಹತ್ತಿರ ಹೋಗಿ ಅದೇ ಎರಡು ಸಾವಿರ ಕೊಟ್ಟು ಯಾರದ್ದೋ ಸಹಿ ಹಾಕಿಸಿಕೊಂಡು ಕಾರ್ಡ್ ಮಾಡಿಸಿದರು. ಈಗಿನ ತಪಾಸಣೆಯಲ್ಲಿ ಸರ್ಟಿಫಿಕೇಟ್ ಸುಳ್ಳು ಅಂತ ಗೊತ್ತಾಗಿ ಅವರ ಕಾರ್ಡ್ ರದ್ದಾಗಿದೆ.

ಟೈರ್ ಅಂಗಡಿಯವರದ್ದು ಉಳಿದುಕೊಂಡಿದೆ. ಅವರ ಭಾವ ಕಾಂಟ್ರ್ಯಾಕ್ಟರ್, ಸಹಿ ಅಸಲಿ.