ಸ್ಟೆಪ್ನಿ ರೈಫಲ್

ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತೆ ಬಿಡಿ. ಇನ್ನು ಮೇಲೆ ಒಬ್ಬರಿಗೆ ಒಂದೇ ಬಂದೂಕಂತೆ. ಎರಡನೆಯದನ್ನು ಒಪ್ಪಿಸಬೇಕಂತೆ. ಯಾರು ಹೇಳಿದ್ದು ಅಂತ ಮಾತ್ರ ಕೇಳಬೇಡಿ. ನಾನು ಮಧುಗಿರಿಯ ಟೀ ಅಂಗಡಿಗೆ ಹೋಗುವಷ್ಟರಲ್ಲಿ ಆ ಸುದ್ದಿಗೆ ಗೆಜೆಟ್ಟಿನ ಗತ್ತು ಬಂದುಬಿಟ್ಟಿತ್ತು. ಒಬ್ಬರು ಕೊನೇ ದಿನಾಂಕವನ್ನೂ ಹೇಳಿದರು. ಪಕ್ಕದಲ್ಲಿದ್ದವರು ಅದನ್ನು ಒಂದು ತಿಂಗಳು ಮುಂದಕ್ಕೆ ಹಾಕಿಸಿಯೂ ಕೊಟ್ಟರು.

ಸುಳ್ಳು ಅಂತ ತಳ್ಳಿಹಾಕೋಣ ಅಂದರೆ 2019 ನೆನಪಾಗುತ್ತೆ. ಅಲ್ಲಿಯವರೆಗೆ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. ಸರ್ಕಾರ ಮಸೂದೆ ತಂದಾಗ ಒಂದೇ ಅಂದಿತು. ಗಲಾಟೆಯಾಯಿತು. ಕೊನೆಗೆ ಎರಡಕ್ಕೆ ನಿಂತಿತು. ದನದ ಜಾತ್ರೆಯಲ್ಲಿ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ರೇಟು ಕುದುರಿಸುತ್ತಾರಲ್ಲ, ಹಾಗೆ. ಮೂರನೆಯದು ಇದ್ದವರು ಒಂದು ವರ್ಷದೊಳಗೆ ಸ್ಟೇಷನ್ನಿಗೋ ಡೀಲರ್‌ಗೋ ಒಪ್ಪಿಸಬೇಕಿತ್ತು. ಆ ಒಂದು ವರ್ಷ ಅಂದರೆ 2020. ಮನೆಯಿಂದ ಆಚೆ ಬಂದರೆ ಲಾಠಿ ಬೀಳುತ್ತಿದ್ದ ಕಾಲ. ಗುಬ್ಬಿ ಕಡೆಯ ನಮ್ಮ ಷಡ್ಡಕರು ಬಾಯಿಗೆ ಮಾಸ್ಕ್ ಹಾಕಿಕೊಂಡು, ಕೈಯಲ್ಲಿ ಬಂದೂಕು ಹಿಡಿದು, ಪೊಲೀಸ್ ಸ್ಟೇಷನ್ನಿನ ಒಳಗೆ ನಡೆದು ಹೋದರು. ಬೇರೆ ಯಾವ ವರ್ಷದಲ್ಲಾದರೂ ಆ ವೇಷಕ್ಕೆ ಅವರನ್ನು ಅಲ್ಲೇ ಕೆಡವುತ್ತಿದ್ದರು.

ನನ್ನ ಹತ್ತಿರ ಇರುವುದು ಎರಡು. ಒಂದು ಅಪ್ಪನ ಜೋಡಿ ನಳಿಗೆ ಬಂದೂಕು. ಇನ್ನೊಂದು ದೊಡ್ಡಪ್ಪನ ಪಾಯಿಂಟ್ 315 ರೈಫಲ್. ದೊಡ್ಡಪ್ಪನಿಗೆ ಗಂಡು ಮಕ್ಕಳಿರಲಿಲ್ಲ. ಹೆಣ್ಣು ಮಕ್ಕಳು ಹೊಲ ತಗೊಂಡರು, ತೋಟ ತಗೊಂಡರು, ಹುಣಸೆಮರ ಎಣಿಸಿ ಹಂಚಿಕೊಂಡರು. ರೈಫಲ್ ಹತ್ತಿರ ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ಹಾಗೆ ಅದು ನನಗೆ ಬಂತು. ನಮ್ಮ ಮನೆಯಲ್ಲಿ ಅದರ ಹೆಸರು ಸ್ಟೆಪ್ನಿ. ಒಂದು ವ್ಯತ್ಯಾಸ ಅಂದರೆ, ಕಾರಿನ ಸ್ಟೆಪ್ನಿ ಯಾವತ್ತಾದರೂ ಉಪಯೋಗಕ್ಕೆ ಬರುತ್ತೆ.

ಈ 315ರ ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸೈನ್ಯದ ತ್ರೀ ನಾಟ್ ತ್ರೀ ಗುಂಡು ಊರವರ ಬಂದೂಕಿಗೆ ಹೊಂದಬಾರದು ಅಂತ ಬ್ರಿಟಿಷರ ಕಾಲದಲ್ಲಿ ಜನಸಾಮಾನ್ಯರಿಗೆ ಬೇರೆ ಅಳತೆ ಬಳಕೆಗೆ ಬಂತು. ಅವರು ಹೋದರು, ಅಳತೆ ಉಳಿಯಿತು. ನನ್ನದು ಇಶಾಪುರದ ಸರ್ಕಾರಿ ಕಾರ್ಖಾನೆಯದು. ಅಂದರೆ ಮಾಡಿದ್ದು ಸರ್ಕಾರ, ಲೈಸೆನ್ಸ್ ಕೊಟ್ಟಿದ್ದು ಸರ್ಕಾರ, ಫೀಸ್ ಕಟ್ಟಿಸಿಕೊಂಡಿದ್ದು ಸರ್ಕಾರ. ಈಗ ‘ನಿನಗ್ಯಾಕಪ್ಪ ಇದು’ ಅಂತ ಕೇಳುವುದೂ ಅದೇ ಸರ್ಕಾರ.

ಪ್ರಶ್ನೆ ನ್ಯಾಯವಾದದ್ದೇ. ಯಾಕೆ ಇದು?

ಬೆಳೆ ರಕ್ಷಣೆಗೆ ಅಂತ ಲೈಸೆನ್ಸಿನಲ್ಲಿದೆ. ನಮ್ಮ ಬೆಳೆ ಕಡ್ಲೆಕಾಯಿ. ಅದನ್ನು ತಿನ್ನುವವರು ಕಾಡುಹಂದಿ ಮತ್ತು ನವಿಲು. ನವಿಲು ರಾಷ್ಟ್ರಪಕ್ಷಿ, ಕಲ್ಲೆಸೆಯುವುದಕ್ಕೂ ಧೈರ್ಯ ಬರಲ್ಲ. ಹಂದಿ ಹೊಡೆಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಬರುವ ತನಕ ಹಂದಿ ಕಾಯಬೇಕು. ಕರಡಿ ಬಂದರೆ? ನಮ್ಮ ಕೊರಟಗೆರೆ, ಪಾವಗಡ ಕಡೆ ಬರುತ್ತೆ. ಬಂದರೆ ಓಡಬೇಕು. ಮೂರು ಕೆಜಿ ದಾಟುವ ರೈಫಲ್ ಹೆಗಲ ಮೇಲಿದ್ದರೆ ಓಡೋದು ಕಷ್ಟ. ಆದ್ದರಿಂದ ಹೊಲಕ್ಕೆ ಹೋಗುವಾಗ ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ.

ನಿಜ ಹೇಳಬೇಕೆಂದರೆ ನಮ್ಮ ಹೊಲ ಕಾಯುತ್ತಿರುವುದು ನಮ್ಮತ್ತೆಯ ಹಳೇ ಸೀರೆಗಳು. ಗೂಟ ನೆಟ್ಟು ಸುತ್ತ ಕಟ್ಟಿದ್ದೇವೆ. ಗಾಳಿಗೆ ಪಟಪಟ ಅಂದರೆ ಹಂದಿ ಹಿಂದೆ ಸರಿಯುತ್ತೆ. ಅದರಲ್ಲೂ ಒಂದು ಕಿತ್ತಳೆ ಬಣ್ಣದ ಪಾಲಿಯೆಸ್ಟರ್ ಸೀರೆ ಇದೆ. ಎರಡು ಮುಂಗಾರು ಕಳೆದರೂ ಬಣ್ಣ ಮಾಸಿಲ್ಲ. ಅದಕ್ಕೆ ಲೈಸೆನ್ಸ್ ಬೇಕಿಲ್ಲ. ಮುಂದೆ ಬೇಕಾದರೂ ಬೇಕಾಗಬಹುದು. ಒಬ್ಬರಿಗೆ ಎರಡೇ ಸೀರೆ ಅಂತ ಬಂದರೆ ಆ ದಿನ ನಾನು ಊರಲ್ಲಿರಲ್ಲ, ಈಗಲೇ ಹೇಳಿರುತ್ತೇನೆ.

‘ಹಂಗಾದ್ರೆ ಮಾರಾಕಿ ಅತ್ಲಾಗೆ’ ಅಂತಾಳೆ ಹೆಂಡತಿ. ‘ಅದು ನಿಮ್ಮ ದೊಡ್ಡಪ್ಪಂದು ಕಣಪ್ಪಾ’ ಅಂತಾರೆ ಅಮ್ಮ. ಇಬ್ಬರೂ ಮಾತಾಡುವುದು ನನ್ನ ಹತ್ತಿರ, ಕೇಳಿಸಬೇಕಾದ್ದು ಒಬ್ಬರಿಗೊಬ್ಬರಿಗೆ.

ಮಾರೋದು ಅಂದರೆ ಏನು ಅಂತ ಇವರಿಗೆ ಗೊತ್ತಿಲ್ಲ. ಮೊದಲು ಕೊಳ್ಳುವವನು ಬೇಕು. ಅವನಿಗೆ ಲೈಸೆನ್ಸ್ ಇರಬೇಕು. ಅದರಲ್ಲಿ ಇದೇ ಅಳತೆಯ ರೈಫಲ್ಲಿಗೆ ಜಾಗ ಖಾಲಿ ಇರಬೇಕು. ಇಂಥವನನ್ನು ಹುಡುಕುವುದಕ್ಕಿಂತ ನಮ್ಮ ಹುಡುಗನಿಗೆ ಹೆಣ್ಣು ಹುಡುಕೋದು ಸುಲಭ. ಸಿಕ್ಕಿದ ಅಂತಲೇ ಇಟ್ಟುಕೊಳ್ಳಿ. ಇಂಥವನಿಗೆ ಮಾರುತ್ತೇನೆ ಅಂತ ಮೊದಲೇ ಬರೆದು ತಿಳಿಸಬೇಕು, ಆಮೇಲೆ 45 ದಿನ ಕಾಯಬೇಕು. ಆಯುಧ ಕಾಯ್ದೆಯಲ್ಲೇ ಹಾಗಿದೆ. 45 ದಿನದಲ್ಲಿ ಕೊತ್ತಂಬರಿ ಬಿತ್ತಿ, ಕಿತ್ತು, ಮಾರಿ, ನಷ್ಟವನ್ನೂ ಮಾಡಿಕೊಳ್ಳಬಹುದು.

ಒಬ್ಬ ಡೀಲರ್‌ಗೆ ಫೋನ್ ಮಾಡಿದೆ. ಆತ ಬಹಳ ಮರ್ಯಾದಸ್ಥ. ‘ಸಾರ್, ಹೊಸ ಲೈಸೆನ್ಸೇ ಕಮ್ಮಿ. ಅಂಗಡೀಲಿ ಆಗಲೇ ಸಾಲಾಗಿ ನಿಂತವೆ’ ಅಂದ. ಒಂದು ರೇಟು ಹೇಳಿದ. ನನ್ನ ಮಗನ ಮೊಬೈಲ್ ಅದಕ್ಕಿಂತ ಜಾಸ್ತಿ. ಗುಜರಿಗೆ ಹಾಕೋಣ ಅಂದರೆ ಅದೂ ಅಪರಾಧ. ಬಾವಿಗೆ ಹಾಕಿದರೆ ಇನ್ನೂ ದೊಡ್ಡ ಅಪರಾಧ. ನಾನು ಸತ್ತರೆ ಮಗನಿಗೆ ಹೋಗುತ್ತೆ ಅನ್ನೋಣವೆಂದರೆ ಪಿತ್ರಾರ್ಜಿತಕ್ಕೂ ಅದೇ ಲೆಕ್ಕ, ಎರಡರ ಮೇಲೆ ಇಲ್ಲ. ಲೈಸೆನ್ಸಿಗೆ ಡಾಕ್ಟರ ಸರ್ಟಿಫಿಕೇಟ್ ಬೇರೆ ಬೇಕು, ಬುದ್ಧಿ ಸ್ವಾಧೀನದಲ್ಲಿದೆ ಅಂತ. ನಾಲ್ಕು ಟೇಬಲ್ ಸುತ್ತಿ ಬಂದ ಮೇಲೆ ಯಾವ ಡಾಕ್ಟರೂ ನನಗೆ ಅದನ್ನು ಬರೆದುಕೊಡಲಾರರು.

ಕೊಡಗಿನ ನನ್ನ ಗೆಳೆಯರೊಬ್ಬರಿಗೆ ಈ ಗೋಳು ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ 2029ರ ಅಕ್ಟೋಬರ್‌ವರೆಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಅಲ್ಲಿ ಗಂಡು ಮಗು ಹುಟ್ಟಿದರೆ ಕೋವಿ ಹಾರಿಸುವ ಪದ್ಧತಿ. ನಮ್ಮ ಕಡೆ ಮದುವೆಯಲ್ಲಿ ಖುಷಿಗೆ ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅದು ಸರಿಯಾದ ಕಾನೂನೇ, ತಕರಾರಿಲ್ಲ. ನಮ್ಮ ಕಡೆಯ ಡಿಜೆಗೂ ಅದನ್ನೇ ಹಾಕಿದರೆ ಇನ್ನೂ ಸಂತೋಷ.

ಸ್ಟೆಪ್ನಿಗೂ ಒಂದು ಪ್ರವಾಸಯೋಗ ಇದೆ ಅಂತ ಹೇಳೋದು ಮರೆತೆ. ಎಲೆಕ್ಷನ್ ಬಂದಾಗ. 2024ರ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ಸ್ಟೇಷನ್ನಿಂದ ಫೋನ್ ಬಂತು. ನಿಯಮದ ಪ್ರಕಾರ ಯಾರ ಬಂದೂಕು ಜಮಾ ಆಗಬೇಕು ಅಂತ ಒಂದು ಸಮಿತಿ ಕೂತು ನೋಡಬೇಕು. ಅಷ್ಟೆಲ್ಲ ಯಾರಿಗೆ ಪುರುಸೊತ್ತು? ಎಲ್ಲರೂ ತನ್ನಿ ಅಂದರು. ತಂದೆವು. ತುಮಕೂರು ವೋಟ್ ಹಾಕಿದ್ದು ಏಪ್ರಿಲ್ 26ಕ್ಕೆ. ಆದರೆ ದೇಶ ಪೂರ್ತಿ ಮುಗಿಯಬೇಕಲ್ಲ. ವಾರಾಣಸಿಯವರು ಜೂನ್ 1ಕ್ಕೆ ವೋಟ್ ಹಾಕುವವರೆಗೆ ಮಧುಗಿರಿ ಕಡೆಯ ನನ್ನ ರೈಫಲ್ ಗೋಡೆಗೆ ಒರಗಿ ನಿಂತಿತ್ತು, ಟ್ರಿಗರ್ ಹತ್ತಿರ ದಾರ ಕಟ್ಟಿದ ಚೀಟಿ ನೇತಾಡಿಸಿಕೊಂಡು.

ಜೂನ್‌ನಲ್ಲಿ ವಾಪಸ್ ತಂದಾಗ ನಳಿಗೆಯ ಬಾಯಿ ಮುಚ್ಚಿತ್ತು. ಕಡಜ ಗೂಡು ಕಟ್ಟಿತ್ತು. ಕೆಮ್ಮಣ್ಣಿನ ಗೂಡು, ಬೆರಳಲ್ಲಿ ತೀಡಿದಷ್ಟು ನುಣ್ಣಗೆ. ಬೈಸಿಕಲ್ ಕಡ್ಡಿಯಲ್ಲಿ ಚುಚ್ಚಿ ತೆಗೆದರೆ ಒಳಗಿಂದ ಅರೆಜೀವವಾದ ಎರಡು ಹಸಿರು ಹುಳ ಬಿದ್ದವು, ಮರಿಗೆ ಅಂತ ಇಟ್ಟಿದ್ದ ಬುತ್ತಿ. ದೊಡ್ಡಪ್ಪ ಹೋದ ಮೇಲೆ ಆ ನಳಿಗೆಯಿಂದ ಹೊರಗೆ ಬಂದಿದ್ದು ಇದಿಷ್ಟೇ.

ಹೀಗೆ ನಗುತ್ತಾ ಬರೆಯೋಣ ಅಂತಲೇ ಕೂತೆ. ಆದರೆ ಹೋದ ಶನಿವಾರದ್ದು ಹೇಳದೆ ಆಗುತ್ತಿಲ್ಲ. ನಮ್ಮ ಪಕ್ಕದ ಹೊಲದವರ ಸೀಮೆಹಸು. ಬದುವಿನಲ್ಲಿ ಮೇಯುತ್ತಿತ್ತು. ಹಂದಿಗೆ ಅಂತ ಯಾರೋ ಹಿಟ್ಟಿನುಂಡೆಯಲ್ಲಿ ಸಿಡಿಮದ್ದು ಇಟ್ಟಿದ್ದರು. ಹಸು ಬಾಯಿ ಹಾಕಿತು. ಕೆಳದವಡೆ ಹಾರಿಹೋಯಿತು. ಅದು ಕೂಗಲಿಲ್ಲ, ಕೂಗಲು ಬಾಯಿ ಇರಲಿಲ್ಲ. ನಿಂತೇ ಇತ್ತು. ಆ ಮನೆಯ ಹೆಂಗಸು ಅದರ ಕೊರಳು ಹಿಡಿದುಕೊಂಡು ಸಂಜೆಯವರೆಗೆ ಕೂತಿದ್ದರು. ಡೈರಿಗೆ ಹಾಲು ಹಾಕಿ ಬದುಕುವ ಮನೆ ಅದು.

ಆ ಉಂಡೆಗೆ ನಂಬರ್ ಇಲ್ಲ. ಕಟ್ಟಿದವನಿಗೆ ಫೋಟೋ ಅಂಟಿಸಿದ ಪುಸ್ತಕ ಇಲ್ಲ. ಕಂಬದಿಂದ ನೇರ ವೈರ್ ಎಳೆದು ಬೇಲಿಗೆ ಕರೆಂಟ್ ಕೊಡುವವನಿಗೂ ಇಲ್ಲ. ಅಂಥ ಬೇಲಿಗೆ ಹಂದಿ ಸಾಯುತ್ತೆ, ಆನೆ ಸಾಯುತ್ತೆ, ರಾತ್ರಿ ನೀರು ಕಟ್ಟಲು ಹೋದ ಮನುಷ್ಯನೂ ಸಾಯುತ್ತಾನೆ. ಕುಲುಮೆಯಲ್ಲಿ ಪೈಪು ಬಡಿದು ಮಾಡಿದ ನಾಡಬಂದೂಕು ಎಷ್ಟು ಅಟ್ಟದ ಮೇಲಿವೆಯೋ ಲೆಕ್ಕ ಇಟ್ಟವರಿಲ್ಲ. ಹಂದಿ ಅಂದುಕೊಂಡು ಜೊತೆಗಾರನಿಗೇ ಹೊಡೆದ ಸುದ್ದಿ ಪೇಪರಿನ ಮೂಲೆಯಲ್ಲಿ ಬರುತ್ತಲೇ ಇರುತ್ತೆ. ಅದನ್ನೆಲ್ಲ ಹುಡುಕಬೇಕಾದರೆ ರಾತ್ರಿ ಎದ್ದು ಹೊಲ ಸುತ್ತಬೇಕು. ನನ್ನನ್ನು ಹುಡುಕುವುದಕ್ಕೆ ಫೋನ್ ಸಾಕು. ಕರೆದರೆ ಬರುತ್ತೇನೆ, ಜೆರಾಕ್ಸ್ ತರುತ್ತೇನೆ, ಹೊರಗೆ ಬೆಂಚಿನ ಮೇಲೆ ಕೂರುತ್ತೇನೆ. ರೈಫಲ್ ತಗೊಳ್ಳಿ ಸ್ವಾಮಿ, ಎರಡನ್ನೂ ತಗೊಳ್ಳಿ. ಆಮೇಲಾದರೂ ಆ ಉಂಡೆ ಕಟ್ಟಿದವನ ಮನೆ ಹುಡುಕುತ್ತೀರಾ? ನನಗೆ ಸಾಕಾಗಿದೆ.

ಹೋಗಲಿ. ಈ ವರ್ಷದ ಆಯುಧಪೂಜೆಗೂ ಸ್ಟೆಪ್ನಿ ಮನೆಯಲ್ಲೇ ಇತ್ತು. ಮಿಕ್ಸಿ, ಪಂಪ್‌ಸೆಟ್ ಸ್ಟಾರ್ಟರ್, ಮಗನ ಬೈಕು, ಎಲ್ಲದರ ಪಕ್ಕ ನಿಲ್ಲಿಸಿ ಅಮ್ಮ ವಿಭೂತಿ ಬಳಿದರು. ಅದರ ಕ್ಯಾನ್ವಾಸ್ ಚೀಲದಲ್ಲಿ ಮಾತ್ರ ಛತ್ರಿ ಇತ್ತು. ಮಾರೋದೋ ಇಟ್ಟುಕೊಳ್ಳೋದೋ ಅಂತ ಹಬ್ಬ ಕಳೆದ ಮೇಲೆ ನೋಡೋಣ ಅಂದಿದ್ದೆ. ಅಷ್ಟರಲ್ಲಿ ಸ್ಟೇಷನ್ನಿನ ಪರಿಚಯದ ಪೇದೆ ಫೋನ್ ಮಾಡಿದರು.

‘ಸಾರ್, ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಬರಂಗೈತೆ. ಬಂದೂಕು ರೆಡಿ ಇಟ್ಕಳಿ.’

ಆ ಎಲೆಕ್ಷನ್ ಕೊನೆಯ ಸಲ ನಡೆದದ್ದು 2016ರಲ್ಲಿ. 2021ಕ್ಕೆ ಆಗಬೇಕಿದ್ದದ್ದು ಮುಂದಕ್ಕೆ ಹೋಗುತ್ತಲೇ ಬಂದಿದೆ. ‘ಯಾವಾಗಪ್ಪಾ?’ ಅಂದೆ.

‘ಡೇಟ್ ಗೊತ್ತಿಲ್ಲ ಸಾರ್. ಆದ್ರೆ ಈಗ್ಲೇ ತಂದ್ರೆ ಕಿಟಕಿ ಪಕ್ಕ ಜಾಗ ಖಾಲಿ ಐತೆ.’