ಹಿಡಿತದೆ, ಬಿಡಿ

ಇವತ್ತು ಬೆಳಿಗ್ಗೆ ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದಾಗ ಗೋಡೆ ಹಿಂದಿನಿಂದ ಬಂದು ನನ್ನ ಬೆನ್ನು ಮುಟ್ಟಿತು.

ಜೋರಾಗಿ ಏನಲ್ಲ. ಮದುವೆ ಮನೆಯ ಊಟದ ಸಾಲಿನಲ್ಲಿ ಹಿಂದಿನವರು ‘ಸ್ವಲ್ಪ ಸರೀರಿ’ ಅಂತ ಮುಟ್ಟುತ್ತಾರಲ್ಲ, ಅಷ್ಟೇ. ಕಣ್ಣಲ್ಲಿ ಸೋಪು, ಬಾಗಿಲಿಗೆ ಚಿಲಕ, ಒಳಗೆ ನಾನೊಬ್ಬಳೇ. ಉಸಿರು ಬಿಗಿಹಿಡಿದು ಕೈ ಹಿಂದೆ ಚಾಚಿದೆ. ತಣ್ಣಗೆ, ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾದ ಮೈ ಸಿಕ್ಕಿತು. ಭಯ ಹೋಗಿ ಸಿಟ್ಟು ಬಂತು. ಗೋಡೆಗೆ ಅಂಟಿಸಿದ್ದ ಮೂರನೇ ಫೈಬರ್ ಶೀಟು ಬಿಟ್ಟಿತು! ಇನ್ನು ಹನ್ನೊಂದು ದಿನಕ್ಕೆ ಚೌತಿ.

ನಮ್ಮದು ಕುಮಟಾ. ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಕರಾವಳಿ. ಇಲ್ಲಿ ಯಾವುದಕ್ಕೂ ಅಂಟು ಬೇಕಿಲ್ಲ. ಆಷಾಢ ಬಂತೆಂದರೆ ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ, ಕತ್ತಿಗೆ ತುಕ್ಕು ಹಿಡಿಯುತ್ತದೆ, ಕಾಂಪೌಂಡಿಗೆ ಪಾಚಿ ಹಿಡಿಯುತ್ತದೆ, ಮೂಗಿಗೆ ಶೀತ ಹಿಡಿಯುತ್ತದೆ. ಒಂದು ಪೈಸೆ ಖರ್ಚಿಲ್ಲದೆ ಎಲ್ಲವೂ ಎಲ್ಲಕ್ಕೂ ಗಟ್ಟಿಯಾಗಿ ಹಿಡಿಯುವ ಊರಿನಲ್ಲಿ, ದುಡ್ಡು ಕೊಟ್ಟು ತಂದ ಗಮ್ಮು ಮಾತ್ರ ಹಿಡಿಯುವುದಿಲ್ಲ ಅಂದರೆ ಏನೆನ್ನೋಣ?

ಮೂವತ್ತು ವರ್ಷ ಹಳೆಯ ನಮ್ಮ ಬಚ್ಚಲುಮನೆಗೆ ಎದೆಮಟ್ಟದವರೆಗೆ ಬಿಳಿ ಟೈಲ್ಸು ಇದೆ. ಬಿಳಿ ಅನ್ನುವುದು ಹಳೆಯ ಮರ್ಯಾದೆಗೆ. ಈಗ ಅದರ ಬಣ್ಣ ಮಜ್ಜಿಗೆ ಹುಳಿಯದು, ಸಂದುಗಳದ್ದು ಕಾಡಿಗೆಯದು. ತಿಕ್ಕಿ ತಿಕ್ಕಿ ನನ್ನ ರಟ್ಟೆ ಸವೆದವೇ ಹೊರತು ಸಂದು ಬೆಳ್ಳಗಾಗಲಿಲ್ಲ. ಟೈಲ್ಸು ಕೀಳಿಸಿದರೆ ತಿಂಗಳುಗಟ್ಟಲೆ ಧೂಳು. ಅಷ್ಟರಲ್ಲಿ ನಮ್ಮನೆಯವರು ಯಾವುದೋ ಹೋಟೆಲಿನ ಅಡುಗೆಮನೆಯಲ್ಲಿ ಫೈಬರ್ ಶೀಟಿನ ಗೋಡೆ ನೋಡಿಕೊಂಡು ಬಂದರು. ಪ್ಲಾಸ್ಟಿಕ್ಕಿನ ಅಂಟುರಸಕ್ಕೆ ಗಾಜಿನ ಎಳೆ ಸೇರಿಸಿ ಮಾಡಿದ ಎಫ್‌ಆರ್‌ಪಿ ಹಾಳೆ. ನೀರು ಕುಡಿಯುವುದಿಲ್ಲ, ಕೊಳೆಯುವುದಿಲ್ಲ, ಒರೆಸಿದರೆ ಆಯಿತು. ಹಳೇ ಟೈಲ್ಸಿನ ಮೇಲೇ ಅಂಟಿಸಬಹುದಂತೆ. ‘ಅಂತೆ’ ಎಂಬಲ್ಲೇ ನಾನು ಎಚ್ಚರಾಗಬೇಕಿತ್ತು.

ಹುಬ್ಬಳ್ಳಿಯಿಂದ ಮೂರು ಶೀಟು ಬಂದವು. ಎಂಟಡಿ ಉದ್ದ, ನಾಲ್ಕಡಿ ಅಗಲ, ಎರಡು ಮಿಲಿಮೀಟರಿಗಿಂತ ತುಸು ದಪ್ಪ. ಬಂದದ್ದು ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು. ಬಿಚ್ಚಿ, ನೆಲಕ್ಕೆ ಹಾಸಿ, ಒಂದೆರಡು ದಿನ ಮನೆಯ ಹವೆಗೆ ಒಗ್ಗಿಸಿ ಆಮೇಲೆ ಅಂಟಿಸಬೇಕೆಂಬುದು ನಮಗೆ ಗೊತ್ತಾದದ್ದು ತಡವಾಗಿ. ನಮ್ಮ ಮಿಸ್ತ್ರಿ ಹಗ್ಗ ಬಿಚ್ಚಿದ ಹತ್ತು ನಿಮಿಷಕ್ಕೆ ಕೆಲಸ ಶುರುಮಾಡಿದ್ದ.

ಈ ಮಿಸ್ತ್ರಿಯ ಬಗ್ಗೆ ಸ್ವಲ್ಪ ಹೇಳಬೇಕು. ನಾಲ್ಕನೇ ಇಯತ್ತೆಯಲ್ಲಿ ನನ್ನ ಕೈಯಲ್ಲೇ ಕಲಿತವ. ಈಗಲೂ ‘ಅಕ್ಕೋರೆ’ ಅಂತಲೇ ಕರೆಯುವುದು. ಕೆಲಸಗಾರ, ಕುಡಿತವಿಲ್ಲ, ಕರೆದರೆ ಬರುತ್ತಾನೆ (ಕರೆದ ದಿನ ಅಲ್ಲ, ಆದರೂ ಬರುತ್ತಾನೆ). ಇರುವುದೊಂದೇ ಚಾಳಿ. ಏನೇ ಕೇಳಿದರೂ ‘ಹಿಡಿತದೆ, ಬಿಡಿ’ ಅನ್ನುವುದು. ಸಿಮೆಂಟು ನೀರಾಯ್ತಲ್ಲೋ? ಹಿಡಿತದೆ, ಬಿಡಿ. ಮೊಳೆ ಅಲ್ಲಾಡ್ತದಲ್ಲೋ? ಹಿಡಿತದೆ, ಬಿಡಿ. ಹೇಳಿದ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಕಿವಿಯಿಟ್ಟು, ಹಳೇ ಡಾಕ್ಟರರ ಹಾಗೆ ಕಣ್ಣು ಮುಚ್ಚಿ ತಲೆಯಾಡಿಸುತ್ತಾನೆ. ಒಳಗೆ ಏನು ಕೇಳಿಸುತ್ತದೋ ದೇವರಿಗೇ ಗೊತ್ತು. ಮಗ್ಗಿ ಒಪ್ಪಿಸುವಾಗಲೂ ಹೀಗೇ ಕಣ್ಣು ಮುಚ್ಚುತ್ತಿದ್ದ, ಏಳೆಂಟಲ ದಾಟಿದರೆ ಬಾಯಿಯೂ ಮುಚ್ಚುತ್ತಿತ್ತು.

ಗಮ್ಮು ಯಾವುದು ತರಬೇಕು ಅಂದದ್ದಕ್ಕೆ ಪೇಟೆಯ ಅಂಗಡಿಯಾತ ‘ಎಂತಕ್ಕೆ?’ ಅಂದನಂತೆ. ‘ಫೈಬರ್ ಶೀಟಿಗೆ’ ಅಂದರಂತೆ ಇವರು. ಯಾವ ಗೋಡೆಗೆ ಅಂತ ಅವ ಕೇಳಲಿಲ್ಲ, ಇವರು ಹೇಳಲಿಲ್ಲ. ಬಿಳಿ ಗಮ್ಮಿನ ದೊಡ್ಡ ಡಬ್ಬಿಯೊಂದು ಮನೆಗೆ ಬಂತು. ಮುಚ್ಚಳ ತೆಗೆದರೆ ಒಳ್ಳೇ ಗಟ್ಟಿ ಮೊಸರು.

ಮಿಸ್ತ್ರಿ ಶೀಟಿನ ಬೆನ್ನಿಗೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಒಟ್ಟು ಐದು ಇಡ್ಲಿ ಹಾಕಿದ.

“ಎಲ್ಲಾ ಕಡೆ ಹಚ್ಚೂದಲ್ವೇನೋ?”

“ಹಿಡಿತದೆ, ಬಿಡಿ ಅಕ್ಕೋರೆ.”

ಎಂಟಡಿ ಗೋಡೆಗೆ ಒತ್ತಿ, ಕುಟ್ಟಿ, ಕಣ್ಣು ಮುಚ್ಚಿದ. ‘ಡಬ್’ ಅಂತ ಖಾಲಿ ಡಬ್ಬಿಯ ಸದ್ದು ನನಗೇ ಕೇಳಿಸಿತು. ಕಣ್ಣೆದುರೇ ಶೀಟು ಬೆರಳಗಲ ಕೆಳಗೆ ಜಾರಿತು. “ಒಂದ್ನಿಮಿಷ ಹಿಡ್ಕಣಿ, ಅಡಿಕೆ ದಬ್ಬೆ ತಂದು ಆನಿಸ್ತೆ” ಅಂತ ಹೊರಗೆ ಹೋದ.

ಹಿಡಿದುಕೊಂಡೆ. ಶೀಟು ಭಾರವೇನಲ್ಲ, ಎಂಟ್ಹತ್ತು ಕಿಲೋ. ಆದರೆ ಸುರುಳಿಯಾಗಿ ಬಂದ ಜೀವ, ಮತ್ತೆ ಸುರುಳಿಯಾಗುವ ಹಟ ಅದಕ್ಕೆ. ಎಡಗೈ ಒಂದು ತುದಿಗೆ ಚಾಚಿದರೆ ಬಲದ ತುದಿ ಏಳುತ್ತದೆ. ಎರಡೂ ಕೈ ಚಾಚಿದರೆ ಹೊಟ್ಟೆಯ ಹತ್ತಿರ ಉಬ್ಬುತ್ತದೆ. ಕೊನೆಗೆ ಎರಡು ಕೈ ಅಗಲಿಸಿ, ಸೊಂಟ ಬಗ್ಗಿಸಿ, ಹಣೆ ನಡುವಿಗೊತ್ತಿ, ಒಂದು ಮೊಣಕಾಲು ಕೆಳಗೆ ಕೊಟ್ಟು ನಿಂತೆ. ನಿಂತೇ ಹಾಕುವ ಸಾಷ್ಟಾಂಗ ನಮಸ್ಕಾರವೊಂದಿದ್ದರೆ ಅದು ಹೀಗೇ ಇದ್ದೀತು.

ಐದು ನಿಮಿಷ ಆಯಿತು. ಮಳೆ ಹೊಡೆಯಲು ಶುರುವಾಯಿತು. ಅತ್ತೆ ಬಂದು ಬಾಗಿಲಲ್ಲಿ ನಿಂತರು.

“ಎಂತಾ ಮಾಡ್ತೆ?”

“ಗೋಡೆ ಹಿಡ್ಕಂಡಿದ್ದೆ.”

ನನ್ನ ಅತ್ತೆಗೆ ಎಂಬತ್ತನಾಲ್ಕು. ಈ ವಯಸ್ಸಿನಲ್ಲಿ ಯಾವುದೂ ವಿಚಿತ್ರ ಅನಿಸುವುದಿಲ್ಲ. “ಗ್ಯಾಸಿನ ಮೇಲೆ ಹಾಲಿದ್ದು” ಅಂತ ನೆನಪಿಸಿ ಹೋದರು. ಆರಿಸಿ ಹೋಗಬಾರದಿತ್ತೇ? ಗ್ಯಾಸು ಮುಟ್ಟಲು ಅವರಿಗೆ ಹೆದರಿಕೆ. ಹಾಲು ಉಕ್ಕಿದ ವಾಸನೆ ಬಂತು, ಸೀದ ವಾಸನೆ ಬಂತು, ಆಮೇಲೆ ಅದೂ ನಿಂತಿತು. ಬಹುಶಃ ಹಾಲೇ ಒಲೆ ಆರಿಸಿತು. “ಗ್ಯಾಸು ಬಂದ್ ಮಾಡ್ರೀ” ಅಂತ ಗೋಡೆಗೆ ಬಾಯಿಟ್ಟು ಕೂಗಿದೆ. ಜಗುಲಿಯಲ್ಲಿ ಪೇಪರು ಓದುತ್ತಿದ್ದ ನಮ್ಮನೆಯವರಿಗೆ ಅದು ಬಚ್ಚಲಿನಲ್ಲಿ ಹಾಡಿದಂತೆ ಕೇಳಿಸಿತಂತೆ. ಅಂತೂ ಎರಡನೇ ಕೂಗಿಗೆ ಎದ್ದು ಹೋಗಿ ಬಂದ್ ಮಾಡಿದರು. ಮಾಡಿ, ಪೇಪರಿಗೇ ವಾಪಸಾದರು.

ಮೊಬೈಲು ಹೊಡೆದುಕೊಂಡಿತು. ಮೂಗಿನ ತುದಿ ತುರಿಸಿತು, ಶೀಟಿಗೇ ಉಜ್ಜಿದೆ. ಆ ತರಿ ಮೈ ಅದೊಂದು ಉಪಕಾರಕ್ಕೆ ಬಂತು. ಪಕ್ಕದ ಮನೆಯಾಕೆ ಪತ್ರೊಡೆ ಕೊಡಲು ಬಂದವಳು ಹೊಸ್ತಿಲಲ್ಲೇ ಕೂತು, ಸೊಸೆಯ ಸಮಾಚಾರವನ್ನೆಲ್ಲ ನನ್ನ ಬೆನ್ನಿಗೆ ಹೇಳಿದಳು. ಹೂಂಗುಟ್ಟಿದರೆ ಹಣೆ ಅಲ್ಲಾಡಿ ಶೀಟು ಜಾರುತ್ತದೆಂದು ನಾನು ಸುಮ್ಮನಿದ್ದೆ. “ನಿಮ್ಮಷ್ಟು ಸಮಾಧಾನದಿಂದ ಕೇಳೂರು ಯಾರೂ ಇಲ್ಲ” ಅಂತ ಕಣ್ಣೊರೆಸಿಕೊಂಡು ಹೋದಳು.

ನಲವತ್ತು ನಿಮಿಷದ ಮೇಲೆ ಮಿಸ್ತ್ರಿ ಬಂದ. ಕೈಯಲ್ಲಿ ಒಂದೇ ಒಂದು ದಬ್ಬೆ, ಮೈಯಲ್ಲಿ ಮಿರ್ಚಿ ಭಜೆಯ ಪರಿಮಳ. “ಮಳೆ ಬಂತಲ, ನಿಂತೆ” ಅಂದ. ಒಂದು ಸಲ ಕುಟ್ಟಿದ. ಕಣ್ಣು ಮುಚ್ಚಿದ. “ಹಿಡ್ದದೆ. ಬಿಡಿ ಅಕ್ಕೋರೆ.”

ಅವನ ಜನ್ಮದಲ್ಲೇ ಮೊದಲ ಬಾರಿಗೆ ‘ಬಿಡಿ’ ಎಂಬ ಮಾತಿಗೆ ಅರ್ಥವಿತ್ತು. ಬಿಟ್ಟೆ.

ಎರಡೆಣಿಸುವಷ್ಟರಲ್ಲಿ ಐದು ಇಡ್ಲಿಗಳೂ ಪಚಕ್ಕೆಂದು ಬಿಟ್ಟುಕೊಂಡು ಶೀಟು ನಮ್ಮಿಬ್ಬರ ಮೇಲೆ ಬಂತು. ಬಂದದ್ದೇ ಸುರುಳಿ ಸುತ್ತಿಕೊಂಡಿತು. ಮಾಸ್ತರಿಕೆಯಿಂದ ನಿವೃತ್ತಳಾದ ನಾನು ಮತ್ತು ನನ್ನ ಹಳೇ ವಿದ್ಯಾರ್ಥಿ, ತಲೆಗೂದಲಿಗೆ ಮೊಸರು ಮೆತ್ತಿಕೊಂಡು ಆ ಚಿಪ್ಪಿನೊಳಗೆ. ಕತ್ತಲಲ್ಲಿ ಅವನ ದನಿ ಕೇಳಿಸಿತು: “ಅದ್ಕೆ ಗಾಳಿ ಸಿಗ್ಲಿಲ್ಲ ಅಕ್ಕೋರೆ.”

ತಮಾಷೆಯೆಂದರೆ ಅವನು ಹೇಳಿದ್ದರಲ್ಲಿ ಸತ್ಯವಿತ್ತು. ಆ ಸಂಜೆ ನಮ್ಮನೆಯವರು ಭೂತಗನ್ನಡಿ ಹಿಡಿದು ಡಬ್ಬಿಯ ಹಿಂದಿನ ಸೂಜಿಮೊನೆಯಕ್ಷರ ಓದಿದರು. (ಮೊದಲೇ ಓದಬಹುದಿತ್ತು. ಆದರೆ ಗಂಡಸರು ಡಬ್ಬಿ ಓದುವುದು ಶೀಟು ಬಿದ್ದ ಮೇಲೆ.) ಬಿಳಿ ಗಮ್ಮು ನೀರಿನದು. ಅದರ ನೀರು ಎಲ್ಲಾದರೂ ಹೋದರೆ ತಾನೇ ಅದು ಒಣಗುವುದು? ಹಿಂದೆ ಸಿಮೆಂಟು ಗಾರೆಯೋ ಪ್ಲೈವುಡ್ಡೋ ಇದ್ದರೆ ಅದು ಆ ನೀರನ್ನು ಹೀರಿಕೊಳ್ಳುತ್ತದೆ. ನಮ್ಮಲ್ಲಿ ಹಿಂದೆ ಹೊಳಪಿನ ಟೈಲ್ಸು, ಮುಂದೆ ಫೈಬರು. ಎರಡೂ ಹನಿ ನೀರು ಮುಟ್ಟದ ಮಡಿವಂತರು. ನಡುವೆ ಸಿಕ್ಕಿಬಿದ್ದ ಗಮ್ಮು ಮುಂದಿನ ಚೌತಿಯವರೆಗೂ ಮೊಸರಾಗಿಯೇ ಇರುತ್ತಿತ್ತು. ದ್ರಾವಕದ ಗಮ್ಮು ಟೈಲ್ಸಿಗೆ ಆಗುತ್ತದೆ, ಆದರೆ ಅದರ ಆವಿಗೆ ಬೆಂಕಿ ತಾಗಿದರೆ ಭುಗ್ಗೆನ್ನುತ್ತದೆ. ಬಚ್ಚಲಿನ ಗೋಡೆಯಾಚೆಗೇ ನಮ್ಮ ಹಂಡೆ ಒಲೆ. ಅತ್ತೆ ಅದಕ್ಕೆ ಬೆಂಕಿ ಹಾಕುವುದನ್ನು ಬಿಟ್ಟವರಲ್ಲ, ಬಿಡುವವರೂ ಅಲ್ಲ.

ಉಳಿದದ್ದು ಟ್ಯೂಬಿನಲ್ಲಿ ಬರುವ ಹೊಸ ನಮೂನೆಯ ಪಾಲಿಮರ್ ಗಮ್ಮು. ಅದು ಗಟ್ಟಿಯಾಗುವುದೇ ಗಾಳಿಯ ತೇವ ಕುಡಿದು. ಗಾಳಿಯ ತೇವ! ಅದೊಂದಕ್ಕೆ ಕುಮಟೆಯಲ್ಲಿ ಬರವಿಲ್ಲ. ಆದರೆ ಬೆಲೆ ಕೇಳಿದ ಮೇಲೆ ನಮ್ಮನೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ಸಲ ನಾನೇ ಉಸ್ತುವಾರಿ. ಹಳೇ ಮೊಸರು ಕೆರೆಸಿದೆ, ಟೈಲ್ಸಿಗೆ ಮರಳುಕಾಗದ ಉಜ್ಜಿಸಿ ಹೊಳಪು ತೆಗೆಸಿದೆ, ಜಿಡ್ಡು ಒರೆಸಿದೆ, ಎರಡು ದಿನ ಫ್ಯಾನು ಹಾಕಿ ಒಣಗಿಸಿದೆ. ಇಡ್ಲಿ ಬಂದ್. ಹಲ್ಲಿರುವ ಕರಣೆಯಲ್ಲಿ ಬೆನ್ನು ಪೂರ್ತಿ, ಮೂಲೆಮೂಲೆಗೂ, ಗದ್ದೆ ಉತ್ತ ಹಾಗೆ ಸಾಲು ಸಾಲಾಗಿ ಎಳೆಸಿದೆ. ಒತ್ತಲು ರೋಲರ್ ಇರಲಿಲ್ಲ. ನನ್ನ ಚಪಾತಿ ಲಟ್ಟಣಿಗೆಯೇ ಹೋಯಿತು. ನಡುವಿನಿಂದ ಅಂಚಿಗೆ ಲಟ್ಟಿಸಿದರೆ ಒಳಗಿನ ಗಾಳಿ ಹೊರಬೀಳುತ್ತದೆ. ಶೀಟು ಸೆಕೆಗೆ ಹಿಗ್ಗುತ್ತದೆಂದು ಮೂಲೆಗಳಲ್ಲಿ ಮೂರು ಮಿಲಿಮೀಟರ್ ಜಾಗ ಬಿಟ್ಟು ಸಿಲಿಕೋನ್ ತುಂಬಿಸಿದೆ. ಮಿಸ್ತ್ರಿ ತುಟಿಪಿಟಕ್ಕೆನ್ನದೆ ಮಾಡಿದ. ಕುಟ್ಟಿದರೆ ‘ಠಕ್’ ಅಂದಿತು. ಅವ ಕಣ್ಣು ಮುಚ್ಚಲೇ ಇಲ್ಲ.

ಅಂಟಿನ ವಿಷಯದಲ್ಲಿ ಅವನು ಹೀಗಿರಲಿಲ್ಲ. ಆಗ ಶಾಲೆಯಲ್ಲಿ ಗೋಂದಿಗೆ ದುಡ್ಡೆಲ್ಲಿತ್ತು? ಬುತ್ತಿಯ ಅನ್ನದ ಅಗುಳೇ ಗೋಂದು. ಅವನ ಕನ್ನಡ ಪುಸ್ತಕದ ರಟ್ಟು ಕಿತ್ತುಹೋಗಿ, ಅಗುಳನ್ನು ಹೆಬ್ಬೆರಳಲ್ಲಿ ನುರಿದು ನುರಿದು, ನಾಲಿಗೆ ಕಚ್ಚಿಕೊಂಡು, ಅಂಚು ತಪ್ಪದ ಹಾಗೆ ಸವರಿ, ಅದರ ಮೇಲೆ ತಾನೇ ಕೂತಿದ್ದ, ಗಣಿತದ ಪಾಠ ಮುಗಿಯುವವರೆಗೂ. ವರ್ಷವಿಡೀ ಆ ರಟ್ಟು ಬಿಡಲಿಲ್ಲ. ಬೇಸಗೆಯಲ್ಲಿ ಹುಡುಗರು ಹಲಸಿನ ಮೇಣ ಮೆತ್ತಿಕೊಂಡು ಬಂದರೆ ಕೊಬ್ಬರಿ ಎಣ್ಣೆ ಹಾಕಿ ಒಬ್ಬೊಬ್ಬರದೇ ಬೆರಳು ತಿಕ್ಕಿ ಬಿಡಿಸುತ್ತಿದ್ದೆ. ಆ ಪುಟ್ಟ ಬೆರಳುಗಳಲ್ಲಿ ಇವನವೂ ಇದ್ದವು. ಮೊನ್ನೆ ಟ್ಯೂಬಿನ ಗಮ್ಮು ಮೆತ್ತಿದ ಅವನ ಕೈಗೆ ಎಣ್ಣೆ ಕೊಟ್ಟೆ; ಈ ಅಂಟಿಗೆ ಎಣ್ಣೆ ಲೆಕ್ಕಕ್ಕೇ ಇಲ್ಲ. ಉಗುರಿನ ಬುಡದಲ್ಲಿ ಇನ್ನೂ ಬಿಳಿಯಾಗಿ ಕೂತಿದೆಯಂತೆ.

ಇರಲಿ. ಮೂರನೇ ಶೀಟು ಯಾಕೆ ಬಿಟ್ಟಿತು?

ಲೆಕ್ಕ. ಎಂಟಡಿಯ ಶೀಟಿಗೆ 32 ಚದರಡಿ, ಪೂರ್ತಿ ಹಚ್ಚಿದರೆ ಎರಡು ಲೀಟರ್ ಗಮ್ಮು, ಟ್ಯೂಬಿಗೆ 290 ಮಿಲಿ. ಅಂದರೆ ಏಳು ಟ್ಯೂಬು. ಆರಡಿಗೆ ಕತ್ತರಿಸಿದ ಉಳಿದೆರಡಕ್ಕೆ ಐದೈದು. ಒಟ್ಟು ಹದಿನೇಳು. “ಹನ್ನೆರಡು ಸಾಕು” ಅಂದಿದ್ದ ಮಿಸ್ತ್ರಿ. ಬೆಲೆಗೆ ಹೆದರಿದ್ದ ನಮ್ಮನೆಯವರು ಕೂಡಲೇ ನಂಬಿದರು. ಎರಡು ಶೀಟಿಗೆ ಹನ್ನೆರಡೂ ಮುಗಿದಾಗ ನಾನು ಅಂಗನವಾಡಿ ಮೀಟಿಂಗಿಗೆ ಹೋಗಿದ್ದೆ. ಬರುವಷ್ಟರಲ್ಲಿ ಮೂರನೆಯದೂ ಗೋಡೆಯ ಮೇಲಿತ್ತು. ಯಾವುದರಿಂದ ಅಂಟಿತು ಅಂತ ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ.

ಮಧ್ಯಾಹ್ನ ಕರೆಸಿದೆ. ಬಿಟ್ಟ ಮೂಲೆ ಹಿಡಿದು ಎಳೆದರೆ ಪಚಕ್. ಹಿಂದೆ ಐದು ಇಡ್ಲಿ, ಇನ್ನೂ ಬಿಸಿಬಿಸಿ ತೆಗೆದಿಟ್ಟಂತೆ.

“ಡಬ್ಬಿಲಿ ಉಳ್ದಿತ್ತು ಅಕ್ಕೋರೆ. ಬಿಸಾಡೂದು ಎಂತಕ್ಕೆ ಅಂತ...”

ಹತ್ತರ ಮಗ್ಗಿಯವರೆಗೆ ಹೇಳಿಸಬೇಕೆಂದು ಬಾಯಿಯವರೆಗೆ ಬಂತು. ನುಂಗಿಕೊಂಡೆ. ಅವನ ಮಗಳೇ ಈಗ ಕಾಲೇಜಿಗೆ ಹೋಗುತ್ತಾಳೆ.

ಐದು ಟ್ಯೂಬು ಹುಬ್ಬಳ್ಳಿಯಿಂದ ಹೊರಟಿವೆಯಂತೆ. ಅರಬೈಲ್ ಘಟ್ಟದಲ್ಲಿ ಮಳೆ, ಯಾವಾಗ ಇಳಿಯುತ್ತವೋ. ಅಲ್ಲಿಯವರೆಗೆ ಅಂತ ಮಿಸ್ತ್ರಿ ಒಂದು ಅಡಿಕೆ ದಬ್ಬೆಯನ್ನು ಈ ಗೋಡೆಯಿಂದ ಆ ಗೋಡೆಗೆ ಅಡ್ಡ ಕೊಟ್ಟು ಶೀಟಿಗೆ ಆನಿಸಿ ಹೋದ. ಬಗ್ಗಿ ದಾಟಿದರೆ ಮಾತ್ರ ಕೊಳಾಯಿ ಸಿಗುತ್ತದೆ.

ಸಂಜೆ ಕೈಕಾಲು ತೊಳೆಯಲು ಹೋದೆ. ದಬ್ಬೆಯ ಮೇಲೆ ಅತ್ತೆಯ ಒದ್ದೆ ಸೀರೆ, ಎರಡು ಪಂಚೆ, ನಮ್ಮನೆಯವರ ಬನಿಯನ್ನು ಸಾಲಾಗಿ ನೇತಾಡುತ್ತಿದ್ದವು.

“ಮಳೆಗಾಲದಾಗೆ ಬಟ್ಟೆ ಹಾಕೂಕೆ ಒಂದು ಜಾಗ ಆತು” ಅಂದರು ಅತ್ತೆ. “ಇದನ್ನ ತೆಗೆಸಬೇಡ.”