ಬಾರ್ಬರಾ ಸ್ಟೀಲ್ ಮುಖ ಎಲ್ಲರಿಗೂ ಬೇಕಿತ್ತು, ದನಿ ಯಾರಿಗೂ ಬೇಕಿರಲಿಲ್ಲ

ಬ್ರಿಟಿಷ್ ನಟಿ ಬಾರ್ಬರಾ ಸ್ಟೀಲ್ ಬಗ್ಗೆ ಯಾರೇ ಬರೆಯಲಿ, 'ಸ್ಕ್ರೀಮ್ ಕ್ವೀನ್', ಅಂದರೆ ದೆವ್ವದ ಸಿನಿಮಾಗಳ ಕಿರುಚೋ ರಾಣಿ, ಅಂದು ಕೈತೊಳೆದುಕೊಳ್ತಾರೆ. ನನಗೆ ಇದು ನಿಜಕ್ಕೂ ನೋವಾಗುತ್ತೆ. ದೆವ್ವದ ಸಿನಿಮಾದಲ್ಲಿ ಕಿರುಚೋಕೆ ಬೇಕಾದಷ್ಟು ಜನ ಸಿಗ್ತಾರೆ. ಬಾಯಿ ಬಿಡದೆ ಬರೀ ನೋಟದಲ್ಲೇ ಎದೆ ಝಲ್ ಅನ್ನಿಸೋರು ಎಷ್ಟು ಮಂದಿ?

1960ರ 'ಬ್ಲ್ಯಾಕ್ ಸಂಡೇ' ನೋಡಿ. ಇಟಲಿಯ ಮಾರಿಯೋ ಬಾವಾ ನಿರ್ದೇಶಿಸಿದ ಕಪ್ಪು-ಬಿಳುಪು ಚಿತ್ರ. ಶುರುವಿನಲ್ಲೇ ಆಸಾ ಅನ್ನೋ ಮಾಟಗಾತಿಯನ್ನು ಕಟ್ಟಿಹಾಕಿರ್ತಾರೆ, ಆ ಪಾತ್ರ ಸ್ಟೀಲ್ ಅವರದು. ಒಳಗೆಲ್ಲ ಮೊಳೆಗಳಿರೋ ಲೋಹದ ಮುಖವಾಡ ನಿಧಾನಕ್ಕೆ ಕ್ಯಾಮೆರಾ ಕಡೆಗೇ, ಅಂದರೆ ನಮ್ಮ ಮುಖದ ಕಡೆಗೇ ಬರುತ್ತೆ. ಆಮೇಲೆ ದೊಡ್ಡ ಕೊಡತಿಯ ಏಟು. ಇನ್ನೂರು ವರ್ಷ ಕಳೆದು ಶವಪೆಟ್ಟಿಗೆಯಲ್ಲಿ ಆ ಮುಖವಾಡ ತೆಗೆದರೆ ಮುಖದ ತುಂಬ ಮೊಳೆಯ ತೂತುಗಳು. ಆ ತೂತುಬಿದ್ದ ಮುಖದಿಂದ ಕಣ್ಣು ಕೀಳೋಕೆ ಆಗಲ್ಲ, ಅದೇ ಭಯ. ಅದೇ ಚಿತ್ರದಲ್ಲಿ ಕಾತ್ಯಾ ಅನ್ನೋ ಪಾಪದ ಹುಡುಗಿಯೂ ಅವರೇ. ಸ್ಟೀಲ್ ಅವರ ಸ್ವಂತ ದೇಶ ಬ್ರಿಟನ್ನಿನ ಸೆನ್ಸಾರ್ ಮಾತ್ರ 1968ರವರೆಗೆ ಈ ಚಿತ್ರವನ್ನು ತೆರೆಗೆ ಬಿಡಲಿಲ್ಲ!

ಸ್ಟೀಲ್ ಹುಟ್ಟಿದ್ದು 1937ರಲ್ಲಿ, ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ. ಮೊದಲು ರ‍್ಯಾಂಕ್ ಅನ್ನೋ ಬ್ರಿಟಿಷ್ ಸಿನಿಮಾ ಕಂಪನಿಯ ಸಣ್ಣಪುಟ್ಟ ಪಾತ್ರಗಳು, ಆಮೇಲೆ ಹಾಲಿವುಡ್. ಅಲ್ಲಿ ಎಲ್ವಿಸ್ ಪ್ರೆಸ್ಲಿ ಜೊತೆಗಿನ 'ಫ್ಲೇಮಿಂಗ್ ಸ್ಟಾರ್' ಚಿತ್ರವನ್ನು ಅರ್ಧಕ್ಕೇ ಬಿಟ್ಟು ಹೊರಬಂದರು. ನನ್ನ ಪ್ರಕಾರ ಅದೇ ಒಳ್ಳೆಯದಾಯಿತು. ಅವರನ್ನು ಅವರನ್ನಾಗಿ ಮಾಡಿದ್ದು ಇಟಲಿ. ಅಲ್ಲಿನ ಹೆಸರಾಂತ ನಿರ್ದೇಶಕ ಫೆಲಿನಿಯ '8½' ಚಿತ್ರದಲ್ಲೂ ಇದ್ದಾರೆ, ಗ್ಲೋರಿಯಾ ಪಾತ್ರದಲ್ಲಿ. ಅಲ್ಲಿ ದೆವ್ವವೂ ಇಲ್ಲ, ಸ್ಮಶಾನವೂ ಇಲ್ಲ, ಆದರೂ ತೆರೆಗೆ ಬಂದರೆ ನಮ್ಮ ಕಣ್ಣು ಅವರ ಮೇಲೇ.

ನನ್ನನ್ನು ಹೆಚ್ಚು ಕಾಡೋದು ಡಬ್ಬಿಂಗ್ ವಿಷಯ. 'ಬ್ಲ್ಯಾಕ್ ಸಂಡೇ'ಯಲ್ಲಿ ನಮಗೆ ಕೇಳಿಸೋದು ಅವರ ದನಿಯಲ್ಲ. 1961ರಲ್ಲಿ ಅಮೆರಿಕದ ನಿರ್ದೇಶಕ ರೋಜರ್ ಕಾರ್ಮನ್ ಮಾಡಿದ 'ದಿ ಪಿಟ್ ಅಂಡ್ ದಿ ಪೆಂಡ್ಯುಲಮ್' ಇಂಗ್ಲಿಷ್ ಚಿತ್ರವೇ, ನಟಿಯೂ ಇಂಗ್ಲಿಷ್‌ನವರೇ. ಅಲ್ಲೂ ಬೇರೆಯವರ ದನಿ ಕೂರಿಸಿದರು. ನಟನೆಯಲ್ಲಿ ಅರ್ಧ ಪಾಲು ದನಿಯದು. ಅದನ್ನು ಕಿತ್ತುಕೊಂಡ ಮೇಲೂ ಉಳಿದರ್ಧದಲ್ಲೇ ನಿಂತು ಗೆದ್ದವರು ಇವರು. ಆ ಚಿತ್ರದ ಕೊನೆಯ ಶಾಟ್ ನೆನಪಿಸಿಕೊಳ್ಳಿ: ಬಾಯಿಗೆ ಬಟ್ಟೆ ಬಿಗಿದು ಕಬ್ಬಿಣದ ಪೆಟ್ಟಿಗೆಯೊಳಗೆ ಹಾಕಿದ್ದಾರೆ, ಹೊರಗೆ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿದೆ, ಪೆಟ್ಟಿಗೆಯ ಸಂದಿಯಲ್ಲಿ ಎರಡು ಕಣ್ಣು ಮಾತ್ರ.

ಮುಂದೆ ನಿರ್ದೇಶಕರಾದ ಡೇವಿಡ್ ಕ್ರೋನೆನ್‌ಬರ್ಗ್, ಜೊನಾಥನ್ ಡೆಮ್ಮಿ, ಜೋ ಡಾಂಟೆ ತಮ್ಮ ಶುರುವಿನ ಚಿತ್ರಗಳಿಗೆ ಅವರನ್ನು ಕರೆದರು. ಅವರು ನಿರ್ಮಾಪಕಿಯೂ ಆದರು ಅನ್ನೋದನ್ನು ಮಾತ್ರ ಯಾರೂ ಹೇಳಲ್ಲ. ಎರಡನೇ ಮಹಾಯುದ್ಧದ ಕಥೆಯ, ನಾಜಿಗಳ ಸಾವಿನ ಶಿಬಿರವಾಗಿದ್ದ ಆಶ್‌ವಿಟ್ಸ್‌ಗೇ ಹೋಗಿ ಚಿತ್ರೀಕರಿಸಿದ 'ವಾರ್ ಅಂಡ್ ರಿಮೆಂಬ್ರೆನ್ಸ್' ಎಂಬ ಭಾರೀ ಟಿವಿ ಸರಣಿಯ ನಿರ್ಮಾಪಕರಲ್ಲಿ ಒಬ್ಬರು. ಅದಕ್ಕೆ 1989ರಲ್ಲಿ ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿಯಾದ ಎಮ್ಮಿ ಬಂತು. ಇಷ್ಟು ದೊಡ್ಡ ಕೆಲಸವನ್ನು ಒಂದು ಸಾಲಿನಲ್ಲೂ ಹೇಳದೆ ಬರೀ ಮಾಟಗಾತಿ ಫೋಟೋ ಹಾಕಿ ಮುಗಿಸೋದು ಅನ್ಯಾಯ ಅಲ್ಲವಾ?

2014ರಲ್ಲಿ ರಯಾನ್ ಗಾಸ್ಲಿಂಗ್ ನಿರ್ದೇಶನದ 'ಲಾಸ್ಟ್ ರಿವರ್' ಬಂತು. ಅದರಲ್ಲಿ ಅವರು ಅಜ್ಜಿ. ಗಂಡ ಸತ್ತ ಮೇಲೆ ಮಾತೇ ಬಿಟ್ಟ ಅಜ್ಜಿ. ಟಿವಿ ಬೆಳಕಲ್ಲಿ ಸುಮ್ಮನೆ ಕೂತಿರ್ತಾರೆ. ಆ ಕಣ್ಣು, ಅವೇ.